ಇಂಜಂಬಾಕ್ಕಂನಲ್ಲಿ ಕಲಾವಿದರ ಸ್ವಂತ ನೆಲ

ಮಾಮಲ್ಲಪುರ ನೋಡಲು ಹೊರಡುವ ಚೆನ್ನೈ ಕನ್ನಡಿಗರು ದಾರಿಯಲ್ಲಿ ಸಿಗುವ ಇಂಜಂಬಾಕ್ಕಂನಲ್ಲಿ ಇಳಿಯುವುದು ಕಡಿಮೆ. ಇಳಿದು ಚೋಳಮಂಡಲ ಕಲಾಗ್ರಾಮವನ್ನು ನೋಡಲೇಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಮದ್ರಾಸಿನ ಸರ್ಕಾರಿ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ತಮ್ಮ ಶಿಷ್ಯರೊಂದಿಗೆ 1966ರಲ್ಲಿ ಇದನ್ನು ಕಟ್ಟಿದರು. ಚಿತ್ರ ಮಾರಿ ಸಂಸಾರ ಸಾಗಿಸುವುದು ಆಗ ದೂರದ ಮಾತು. ಅದಕ್ಕಾಗಿ ಅವರು ಮೊದಲು ಕರಕುಶಲದ ಸಂಘ ಕಟ್ಟಿಕೊಂಡರು. ಬಟ್ಟೆಯ ಮೇಲೆ ಕಾದ ಮೇಣದಿಂದ ಬರೆದು, ಬಣ್ಣದಲ್ಲಿ ಅದ್ದಿದರೆ, ಮೇಣ ಬಿರಿದಲ್ಲೆಲ್ಲ ಕೂದಲೆಳೆಯಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಅಂಥ ಬಾಟಿಕ್ ಬಟ್ಟೆಗಳನ್ನು ಮಾರಿ ಬಂದ ಹಣದಿಂದಲೇ ಜಮೀನು ಕೊಂಡರು. ಹೊಟ್ಟೆಪಾಡಿಗೆ ಕುಶಲಕರ್ಮ, ಚಿತ್ರ, ಶಿಲ್ಪ ಮಾತ್ರ ಯಾರ ಮರ್ಜಿಗೂ ಕಾಯದೆ ತಮ್ಮ ಮನಸ್ಸಿಗೆ ಒಪ್ಪಿದಂತೆ. ಈ ಏರ್ಪಾಡಿನ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಅದನ್ನು ಕಟ್ಟಿದವರಲ್ಲಿ ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಒಬ್ಬರೆಂಬುದು ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಂದು ಅಲ್ಲಿ ಮನೆಗಳಿವೆ, ಗ್ಯಾಲರಿ ಇದೆ, ಆ ಕಲಾಶಾಲೆಯ ಸುತ್ತ ಬೆಳೆದ ಆಧುನಿಕ ಕಲೆಯ ಅಲೆ ಎನಿಸಿದ ಮದ್ರಾಸ್ ಕಲಾ ಚಳವಳಿಯ ವಸ್ತುಸಂಗ್ರಹಾಲಯವಿದೆ. ಶಿಲ್ಪಗಳು ಬಯಲಲ್ಲೇ ನಿಂತಿವೆ. ಯಾವ ದಿನ ಹೋದರೂ ನೋಡಲು ಕೃತಿಗಳಿರುತ್ತವೆ, ಇಷ್ಟವಾದರೆ ಕೊಳ್ಳಲೂಬಹುದು.

ನಮ್ಮ ಬೆಂಗಳೂರಿನ ದಾರಿ ಬೇರೆ. 2003ರಿಂದ ನಡೆಯುತ್ತಿರುವ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದನೇ ನಿಂತು ತನ್ನ ಚಿತ್ರವನ್ನು ಮಾರುತ್ತಾನೆ. ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವವರೂ ಚೌಕಾಸಿ ಮಾಡಿ ಒಂದು ಚಿತ್ರವನ್ನು ಮನೆಗೆ ಒಯ್ಯುತ್ತಾರೆ. ಆ ಜನಸಂದಣಿ ಚೋಳಮಂಡಲಕ್ಕಿಲ್ಲ, ನಮ್ಮ ಸಂತೆಯ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಸಂತೆ ಮುಗಿದ ಮರುದಿನ ಕಲಾವಿದ ಮತ್ತೆ ಒಂಟಿ. 2016ರಲ್ಲಿ ಸರ್ಕಾರಿ ಕಲಾ ಗ್ಯಾಲರಿಯಾದ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನದ ಸುಪರ್ದಿಗೆ ಕೊಡುವ ಒಪ್ಪಂದದ ವಿರುದ್ಧ ಬೆಂಗಳೂರಿನ ಕಲಾವಿದರು ಬೀದಿಗಿಳಿಯಬೇಕಾಯಿತು. ಒಗ್ಗಟ್ಟಿಗೇನೂ ಕೊರತೆಯಿರಲಿಲ್ಲ. ಕಟ್ಟಡ ಮಾತ್ರ ಸರ್ಕಾರದ್ದು, ಹೀಗಾಗಿ ಕೇಳಿಕೊಳ್ಳುವುದೇ ಅವರ ಪಾಲಿಗೆ ಬಂತು.

ಇಂಥದ್ದು ನಮ್ಮಲ್ಲಿ ಆಗದು ಎನ್ನುವವರಿಗೆ ಹೆಗ್ಗೋಡು ಇದೆ. 1949ರಲ್ಲೇ ಊರವರು ಸೇರಿ ನೀನಾಸಂ ಎಂಬ ನಾಟಕ ಸಂಸ್ಥೆಯನ್ನು ಕಟ್ಟಲಿಲ್ಲವೇ? ಚಿತ್ರ, ಶಿಲ್ಪ ಕಲಿತ ನಮ್ಮ ಹುಡುಗ ಹುಡುಗಿಯರು ಅಕಾಡೆಮಿಯ ಅನುದಾನಕ್ಕೆ ಅರ್ಜಿ ಹಾಕುವುದರ ಜೊತೆಗೆ ಹತ್ತು ಜನ ಸೇರಿ ಒಂದು ಸಂಘ ನೋಂದಾಯಿಸಲಿ, ದುಡಿಮೆಯ ಒಂದು ಪಾಲನ್ನು ಒಂದೇ ಖಾತೆಗೆ ಹಾಕಲಿ. ಧಾರವಾಡದ ಸುತ್ತಲೋ ಮೈಸೂರಿನ ಆಚೆಯೋ ಜಾಗ ನೋಡಲಿ. ಅಂಥವರು ಮೊದಲು ಚೋಳಮಂಡಲ ನೋಡಲು ಬಂದರೆ, ಉಳಿದುಕೊಳ್ಳಲು ನಮ್ಮ ಮನೆಯಿದೆ.