ಮಂಡಿಯ ಭವಿಷ್ಯ ನುಡಿಯುವವರು

ಇವತ್ತು ಬೆಳಿಗ್ಗೆ ಅಮ್ಮನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಮುಂದಿನ ವಾರ ಮಂಡಿ ಬದಲಿಸಿಕೊಳ್ಳಲಿರುವ ಒಬ್ಬ ಅಜ್ಜಿ. ಆಸ್ಪತ್ರೆಯ ಹುಡುಗನೊಬ್ಬ ಅವರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಆರು ವಾರ ಅಷ್ಟೇ ಅಜ್ಜಿ, ಆಮೇಲೆ ಓಡುತ್ತೀರಿ" ಎಂದು ಹೇಳಿ ಹೊರಟೇಹೋದ. ಓಡುವುದಂತೆ! ನಡೆಯಲು ಬಂದರೆ ಸಾಕೆಂದು ಬಂದವರಿಗೆ.

2017ರಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಮಂಡಿಯ ಬಗ್ಗೆ ಆಡುವ ಮಾತಿಗೆ ಯಾರೂ ಹಾಕಲಿಲ್ಲ.

ಎಕ್ಸ್‌ರೇ ನೋಡಿ ಭವಿಷ್ಯ ಹೇಳುವುದು ಹಸ್ತ ನೋಡಿ ಹೇಳಿದಷ್ಟೇ ಸುಲಭ. ಆದರೆ ಮಂಡಿ ಬದಲಿಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಸಮಾಧಾನ ಇರುವುದಿಲ್ಲ ಎಂದು ಎಷ್ಟೋ ಅಧ್ಯಯನಗಳು ಹೇಳಿವೆ. ಎಕ್ಸ್‌ರೇಯಲ್ಲಿ ಸವೆತ ಕಡಿಮೆ ಕಂಡವರಲ್ಲೇ ಈ ಅಸಮಾಧಾನ ಹೆಚ್ಚು. ಮೊದಲು ಕಾಲು ಎಷ್ಟು ಮಡಚುತ್ತಿತ್ತು, ತೊಡೆಯಲ್ಲಿ ಬಲವಿದೆಯೇ, ಸೊಂಟವೂ ನೋಯುತ್ತದೆಯೇ, ಮನಸ್ಸು ಕುಗ್ಗಿದೆಯೇ, ಏನನ್ನು ನಿರೀಕ್ಷಿಸುತ್ತಿದ್ದಾರೆ? ಇವನ್ನೆಲ್ಲ ಬಾಯಿಬಿಟ್ಟು ಕೇಳಬೇಕು. ಮಂಡಿಯ ನೋವು, ಓಡಾಟಗಳ ಬಗ್ಗೆ ಕೇಳಲೆಂದೇ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಸಂಶೋಧಕರು 1998ರಲ್ಲೇ ಹನ್ನೆರಡು ಪ್ರಶ್ನೆಗಳ ಪಟ್ಟಿ ಪ್ರಕಟಿಸಿದ್ದಾರೆ. ರಾತ್ರಿ ಹಾಸಿಗೆಯಲ್ಲಿ ಮಂಡಿ ನೋವು ಕಾಡುತ್ತದೆಯೇ ಎಂಬುದೂ ಅದರಲ್ಲಿದೆ. (ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬಲ್ಲಿರಾ ಎಂದು ಮಾತ್ರ ಇಲ್ಲ. ಅದನ್ನು ನಾವೇ ಸೇರಿಸಿಕೊಳ್ಳಬೇಕು.) ಹನ್ನೆರಡು ಪ್ರಶ್ನೆಗೆ ಎಷ್ಟು ಹೊತ್ತು ಬೇಕು? ಒಂದು ಕಾಫಿ ಕುಡಿಯುವಷ್ಟು.

"ರೋಗಿಗೆ ಧೈರ್ಯ ತುಂಬುವುದು ಬೇಡವೇ?" ಎನ್ನುತ್ತೀರಿ. ಬೇಕು. ಆದರೆ ಆರನೆಯ ವಾರವೂ ವಾಕರ್ ಹಿಡಿದೇ ಬಚ್ಚಲಿಗೆ ಹೋಗುವಾಗ ಆ ಧೈರ್ಯವೇ ಅವಮಾನವಾಗಿ ತಿರುಗುತ್ತದೆ. ಅದನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ನೋಡಿದ್ದೇನೆ ಏನು, ನಾನೇ ಮಾಡಿದ್ದೇನೆ. "ಎದುರು ಮನೆಯವರು ತಿಂಗಳಿಗೇ ಮೆಟ್ಟಿಲು ಹತ್ತಿದರು, ನಿನಗೆ ಮನಸ್ಸಿಲ್ಲ" ಎಂದು ಅಮ್ಮನನ್ನು ಗದರಿದವಳು ನಾನು. ಅಪ್ಪ ಹೋದಾಗಿನಿಂದ ಅಮ್ಮ ಸರಿಯಾಗಿ ನಿದ್ದೆಯನ್ನೇ ಮಾಡಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಶಸ್ತ್ರಚಿಕಿತ್ಸೆಗೆ ಮುಂಚೆ ಯಾರೂ ಕೇಳಿರಲಿಲ್ಲ. ಪಕ್ಕದ ಕೋಣೆಯಲ್ಲೇ ಮಲಗುವ ನಾನೂ.

ಹುಡುಗ ಹೋದ ಮೇಲೆ ಆ ಅಜ್ಜಿ ಅಮ್ಮನ ಕಡೆ ತಿರುಗಿ, "ನಿಜವಾಗಿಯೂ ಆರು ವಾರವೇ?" ಎಂದರು. ಅಮ್ಮ ಉತ್ತರ ಕೊಡಲಿಲ್ಲ. "ನಿಮಗೆ ರಾತ್ರಿ ನಿದ್ದೆ ಬರುತ್ತದೆಯೇ?" ಎಂದು ಕೇಳಿದರು. ಅಜ್ಜಿ ಹೇಳತೊಡಗಿದರು. ನಮ್ಮ ಸರದಿ ಬಂತೆಂದು ಎರಡು ಸಲ ಕೂಗಿದರೂ ಅಮ್ಮ ಎದ್ದೇಳಲಿಲ್ಲ.