ಎಂಟನೇ ಕಾಲಮ್ಮಿನ ಮುಂದೆ ಫಕ್ಕೀರಪ್ಪ ಕಾಕಾ

2025ರ ದಸರಾ ಸೂಟಿಗೆ ಸ್ವಲ್ಪ ಮೊದಲು ಮೀಟರ್ ನೋಡುವ ಹುಡುಗ ಬಂದು ಹಳೇ ಹುಬ್ಬಳ್ಳಿಯ ನಮ್ಮ ಮನೆ ಚೌಕಟ್ಟಿಗೆ ಒಂದು ಸ್ಟಿಕ್ಕರ್ ಬಡಿದುಹೋದ. ಕರೆಂಟ್ ಕಟ್ ಮಾಡುವ ನೋಟಿಸೇನೋ ಎಂದು ಅವ್ವ ಗಾಬರಿಯಾದಳು. ಅಲ್ಲ, ಜಾತಿ ಸಮೀಕ್ಷೆಯದು. ಕರೆಂಟ್ ಬಿಲ್ಲಿನ ಆರ್‌.ಆರ್‌. ನಂಬರಿನ ಬೆನ್ನು ಹತ್ತಿದರೆ ಮನೆ, ಮನೆಯ ಬೆನ್ನು ಹತ್ತಿದರೆ ಜಾತಿ, ಧರ್ಮ. ಮೀಟರ್ ಇದ್ದಲ್ಲಿ ದೇವರು ಇದ್ದೇ ಇರುತ್ತಾನೆ ಎಂಬುದು ಸರಕಾರದ ಭಕ್ತಿ.

ಪ್ರಶ್ನೆ ಕೇಳುವವರಿಗಿಂತ ಮೊದಲು ಉತ್ತರ ಹೇಳಿಕೊಡುವವರು ಬಂದರು. ಎಂಟನೆಯದಾದ ಧರ್ಮದ ಕಾಲಮ್ಮಿನಲ್ಲಿ ‘ಹಿಂದೂ’ ಬರೆಸಿರಿ ಎಂದು ಒಂದು ವಾಟ್ಸಾಪ್, ‘ಲಿಂಗಾಯತ’ ಎಂದು ಇನ್ನೊಂದು, ‘ವೀರಶೈವ ಲಿಂಗಾಯತ’ ಎಂದು ಮತ್ತೊಂದು. ಮೂರನ್ನೂ ಅರ್ಧ ತಾಸಿನಲ್ಲಿ ಕಳಿಸಿದವಳು ನಮ್ಮ ಸೋದರತ್ತೆ ಒಬ್ಬಳೇ. 2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮಕ್ಕೆ ರಾಜ್ಯ ಶಿಫಾರಸು ಮಾಡಿತು, ದಿಲ್ಲಿ ಒಪ್ಪಲಿಲ್ಲ. ಆ ಜಗಳ ಈಗ ನಮ್ಮ ಪಡಸಾಲೆಯಲ್ಲಿ ಕೂತು ಚಾ ಕೇಳುತ್ತಿತ್ತು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಸೋರಿದರೆ ತನಿಖೆ ನಡೆಯುತ್ತದೆ, ಇಲ್ಲಿ ಉತ್ತರವೇ ಮೈಕಿನಲ್ಲಿ ಸೋರಿತು. ಶರೀಫಜ್ಜ, ಗೋವಿಂದಭಟ್ಟರ ಹೆಸರು ಹೇಳದೆ ನಮ್ಮ ಕಡೆ ಯಾವ ಭಾಷಣವೂ ಮುಗಿಯುವುದಿಲ್ಲ. ವೇದಿಕೆ ಇಳಿದ ಕೂಡಲೇ ಮಾತ್ರ ‘ಎಂಟನೇ ಕಾಲಮ್ಮಿಗೆ ಏನ್ ಬರಸೂಣು?’

ಸಮೀಕ್ಷೆಗೆ ಅಕ್ಕಾರು, ಅಂದರೆ ಸಾಲಿ ಟೀಚರು, ಬಂದರು. ತುಮಕೂರು ಕಡೆಯವರು, ಹೊಸದಾಗಿ ನೌಕರಿಗೆ ಸೇರಿದವರು. ನೆಟ್‌ವರ್ಕ್ ಹುಡುಕುತ್ತ ಮಾಳಿಗೆ, ಹಿತ್ತಲು ಎಲ್ಲ ತಿರುಗಿ ಕಡೆಗೆ ಬಚ್ಚಲ ಬಾಗಿಲಲ್ಲಿ ಎರಡು ಗೀಟು ಸಿಕ್ಕವು. ಅರವತ್ತು ಪ್ರಶ್ನೆಯೂ ಅಲ್ಲೇ ನಿಂತು.

“ಯಜಮಾನ್ರ ಹೆಸರು?”

“ಫಕ್ಕೀರಪ್ಪ,” ಅಂದ ನಮ್ಮ ಕಾಕಾ.

ಅವರ ಬೆರಳು ಗಾಳಿಯಲ್ಲೇ ನಿಂತಿತು. “ಮುಸ್ಲಿಮರಾ?”

“ಅಲ್ರೀ ಅಕ್ಕಾರ. ಶಿರಹಟ್ಟಿ ಫಕ್ಕೀರೇಶ್ವರಗ ನಮ್ಮವ್ವ ಬೇಡ್ಕೊಂಡಿದ್ಲು.”

“ಹಾಗಾದ್ರೆ ಅದು ದರ್ಗಾನಾ?”

“ಮಠಾರೀ. ದರ್ಗಾ ಬೇಕಂದ್ರ ಯಮನೂರಿಗೆ ಬರ್ರಿ. ಹಿಂದೂಗೋಳು ಚಾಂಗದೇವ ಅಂದ್ರೂ ಅವನ, ಮುಸಲ್ಮಾನ್ರು ರಾಜಾಬಾಗಸವಾರ ಅಂದ್ರೂ ಅವನ. ಮೊಹರಂದಾಗ ಅಲಾಯಿ ಬೆಂಕಿ ಕುಣಿ ತಗಿಯಾಂವನೂ ನಾನ.”

“ಒಂದೇ ಒತ್ತೋಕಾಗೋದು ಯಜಮಾನ್ರೇ.”

“ಯಮನೂರಾಗ ಬೆಣ್ಣಿಹಳ್ಳದ ನೀರಿಗೆ ದೀಪ ಹತ್ತತೈತಿ. ನಿಮ್ಮ ಆ್ಯಪ್ಪಿನ್ಯಾಗ ಎರಡು ಹೆಸರು ಹತ್ತಂಗಿಲ್ಲೇನ್ರೀ?”

ಅಕ್ಕಾರ ತಪ್ಪೇನಿಲ್ಲ. ದೇಶದ ಲೆಕ್ಕವೂ ಹೀಗೇ ಒಬ್ಬೊಬ್ಬರಿಗೆ ಒಂದೊಂದು ಖಾನೆ. 2011ರ ಜನಗಣತಿಯ ಪ್ರಕಾರ 121 ಕೋಟಿ ಮಂದಿಯಲ್ಲಿ ಹಿಂದೂಗಳು ಶೇ. 79.8, ಮುಸ್ಲಿಮರು 14.2, ಕ್ರೈಸ್ತರು 2.3, ಸಿಖ್ಖರು 1.7. ಇಷ್ಟು ಹೊರಗೆ ಬರಲು 2015 ಆಯಿತು. 2021ರ ಎಣಿಕೆ ನಡೆಯಲೇ ಇಲ್ಲ. ‘ಅವರು ಹೆಚ್ಚಾದರು, ನಾವು ಕರಗಿದೆವು’ ಎಂದು ಟೀವಿಯಲ್ಲಿ ಹರಿದುಕೊಳ್ಳುವವರ ಕೈಯಲ್ಲಿರುವುದು ಇದೇ ಹಳೆಯ ಚೀಟಿ. ನನ್ನ ಮದುವೆ ಅಂಗಿಯ ಅಳತೆ ಕೊಟ್ಟು ಇವತ್ತು ಸಿಂಪಿಗನ ಹತ್ತಿರ ಹೊಲಿಸಿದರೆ ಗುಂಡಿ ಎಲ್ಲಿ ಸಿಡಿಯುತ್ತದೆ ನೋಡಿ. ಆ ಗಣತಿಯಲ್ಲಿ ಸುಮಾರು 29 ಲಕ್ಷ ಮಂದಿ ಧರ್ಮವನ್ನೇ ಹೇಳಿರಲಿಲ್ಲವಂತೆ. ಎಣಿಸಲು ಬಂದವರನ್ನು ಹೇಗೆ ಸಾಗಹಾಕಿದರೋ, ಸಿಕ್ಕರೆ ನಮ್ಮ ಕಾಕಾನಿಗೂ ಹೇಳಿಕೊಡಲಿ.

ಇತ್ತ ಓಟಿಪಿ ಬರುವಷ್ಟರಲ್ಲಿ ಎರಡು ಗೀಟೂ ಹೋದವು. ಅಕ್ಕಾರು ಬೆವರು ಒರೆಸಿಕೊಂಡು, “ಇನ್ನೊಂದಿನ ಬರ್ತೀನಿ, ಯಾವತ್ತು ಮನೇಲಿರ್ತೀರಾ?” ಎಂದರು.

“ಸೋಮಾರ ಸಿದ್ಧಾರೂಢರ ಮಠದಾಗ ಇರ್ತೀನ್ರಿ, ಗುರುವಾರ ದರ್ಗಾಕ್ಕ ಹೋಗಿರ್ತೀನಿ. ಮಂಗಳಾರ ಬರ್ರಿ. ಅವತ್ತ ಕಟಿಂಗ್ ಅಂಗಡಿನೂ ಬಂದ್, ನಾನೂ ಖಾಲಿ.”

ಒಳಗಿನಿಂದ ಅವ್ವ ಕೂಗಿದಳು: “ಮಂಗಳಾರ ದ್ಯಾಮವ್ವನ ವಾರ!”