ಬ್ಲೌಸಿಗೆ ಟೇಪು, ಒಳಗಿನದಕ್ಕೆ ಅಂದಾಜು

ಶಿವಮೊಗ್ಗದಲ್ಲಿ ನಮ್ಮ ರಸ್ತೆಯ ಟೇಲರಮ್ಮ ಒಂದು ಬ್ಲೌಸಿಗೆ ಹತ್ತು ಹನ್ನೆರಡು ಅಳತೆ ತೆಗೆಯುತ್ತಿದ್ದರು. ಎದೆ ಸುತ್ತು, ಅದರ ಕೆಳಗಿನ ಸುತ್ತು, ಭುಜದಿಂದ ಡಾಟ್ ಪಾಯಿಂಟಿಗೆ (ಎದೆಯ ತುದಿಗೆ ಬರುವ ಹೊಲಿಗೆ ಮಡಿಕೆಯ ಕೊನೆಗೆ) ಎಷ್ಟು, ಎರಡು ಪಾಯಿಂಟಿನ ನಡುವೆ ಎಷ್ಟು, ಎಲ್ಲ ಒಂದು ಹಳೇ ನೋಟ್‌ಬುಕ್ಕಿನಲ್ಲಿ. ಕಾಲು ಇಂಚು ಹೆಚ್ಚುಕಮ್ಮಿ ಆದರೆ ಅಮ್ಮ ವಾಪಸ್ ಹೋಗಿ ಬಿಚ್ಚಿಸಿ ಹೊಲಿಸುತ್ತಿದ್ದಳು. ಅದೇ ಅಮ್ಮ ನಾಲ್ಕು ಅಂಗಡಿ ಆಚೆ ಹೋಗಿ "ಇವಳಿಗೊಂದು ಬಾಡಿ ಕೊಡಪ್ಪ" ಎಂದು ಪಿಸುಗುಡುತ್ತಿದ್ದಳು. ಬಾಡಿ ಅಂದರೆ ಬ್ರಾ. ಕೌಂಟರಿನ ಹುಡುಗ ನನ್ನ ಕಡೆ ಒಂದು ಸಲ ನೋಡಿ, ತಲೆ ತಗ್ಗಿಸಿ, "ಮೂವತ್ತೆಂಟಾ, ನಲವತ್ತಾ?" ಅನ್ನುತ್ತಿದ್ದ. ಅಷ್ಟೇ. ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ ಕೊಡುತ್ತಿದ್ದ. ಹಾಕಿ ನೋಡುವ ಮಾತೇ ಇರಲಿಲ್ಲ.

ನನಗೆ ಹದಿನಾರಕ್ಕೇ ಎದೆ ಭಾರ ಜಾಸ್ತಿ. ಬ್ರಾದ ಕಪ್, ಅಂದರೆ ಎದೆ ಕೂರುವ ಬಟ್ಟಲು, ಸಾಲದು ಅಂದಾಗ ಅಂಗಡಿಯವನಿಗೆ ಗೊತ್ತಿದ್ದ ಉಪಾಯ ಒಂದೇ, ಮುಂದಿನ ನಂಬರ್ ಕೊಡುವುದು. ಹಾಗೆ ಮೂವತ್ತಾರರಿಂದ ಶುರುವಾಗಿ 40ಡಿ ತನಕ ಹೋದೆ. ಬೆನ್ನಿನ ಪಟ್ಟಿ ಸಡಿಲವಾಗಿ ಮೇಲಕ್ಕೆ ಏರುತ್ತಿತ್ತು. ಹಿಂದೆ ಏರಿದಷ್ಟು ಮುಂದೆ ಇಳಿಯುತ್ತದೆ, ತಕ್ಕಡಿಯ ಹಾಗೆ. ಭಾರವೆಲ್ಲ ಭುಜದ ಪಟ್ಟಿಗೆ ಬಿದ್ದು, ಎರಡೂ ಭುಜದ ಮೇಲೆ ಬೆರಳು ಇಡುವಷ್ಟು ಗುಳಿ. ನನ್ನ ಮೈಯೇ ಸರಿಯಿಲ್ಲ ಅಂತ ಸುಮ್ನೆ ಒಪ್ಪಿಕೊಂಡಿದ್ದೆ.

ಮದುವೆಯಾಗಿ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದ ಮೂರನೇ ವರ್ಷ, ಸಹೋದ್ಯೋಗಿಯೊಬ್ಬಳು ನನ್ನನ್ನು ಹೆಚ್ಚುಕಮ್ಮಿ ಎಳೆದುಕೊಂಡೇ ಅಂಗಡಿಗೆ ಹೋದಳು. ದೊಡ್ಡ ಕಪ್ಪುಗಳನ್ನೇ ಮಾರುವ ಅಂಗಡಿ. ಪರದೆ ಎಳೆದ ಸಣ್ಣ ಕೋಣೆ, ನಮ್ಮ ಅತ್ತೆ ವಯಸ್ಸಿನ ಹೆಂಗಸು. ಆಕೆಯ ಕೈಯಲ್ಲಿ ಟೇಪೇ ಇಲ್ಲ! ನನ್ನ ಬೆನ್ನು ನೋಡಿದರು, ಪಟ್ಟಿಯನ್ನು ಎರಡು ಬೆರಳಲ್ಲಿ ಎಳೆದರು. ಅದು ಒಂದು ಗೇಣು ಬಂತು. "ಇದು ನಿಮಗೆ ಏನೂ ಕೆಲಸ ಮಾಡುತ್ತಿಲ್ಲ" ಅಂದು ಹೊರಗೆ ಹೋಗಿ, ಐದು ಬ್ರಾ ತೋಳಿಗೆ ನೇತುಹಾಕಿಕೊಂಡು ಬಂದರು. ಹಾಕಿಕೊಂಡ ಮೇಲೆ ಮುಂದಕ್ಕೆ ಬಗ್ಗಿ, ಕಂಕುಳ ಕಡೆ ಸರಿದದ್ದನ್ನೆಲ್ಲ ಕೈಯಿಂದ ಕಪ್ಪಿನೊಳಗೆ ತರಬೇಕು ಅಂದರು. ನಡುವಿನ ತಂತಿ ಎದೆಮೂಳೆಗೆ ಅಂಟಿ ಕೂರಬೇಕು. ಹೊಸದನ್ನು ಎಲ್ಲಕ್ಕಿಂತ ಹೊರಗಿನ, ಸಡಿಲವಾದ ಕೊಂಡಿಗೆ ಹಾಕಬೇಕು, ಎಲಾಸ್ಟಿಕ್ ಸಡಿಲ ಆದಂತೆ ಒಳಗಿನ ಕೊಂಡಿಗೆ ಹೋಗಬಹುದು. ಇಪ್ಪತ್ತೊಂಬತ್ತು ವರ್ಷದ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಬಂದ ಸೈಜು 34ಜಿಜಿ. ಕೇಳಿ ಹೆದರಿದೆ. ಜಿಜಿ ಅಂದರೆ ಸರ್ಕಸ್ಸಿನವರ ಸೈಜು ಅನ್ನಿಸಿತು. ಆದರೆ ಲೆಕ್ಕ ತೀರಾ ಸರಳ. ನಂಬರು ಎದೆ ಕೆಳಗಿನ ಸುತ್ತಿನದು. ಅಕ್ಷರ, ಆ ನಂಬರಿಗೂ ತುಂಬು ಎದೆಯ ಸುತ್ತಿಗೂ ಇರುವ ವ್ಯತ್ಯಾಸ. ಇಂಚಿಗೊಂದು ಅಕ್ಷರ. ಇಲ್ಲಿನ ಸಾಲು ಎ, ಬಿ, ಸಿ, ಡಿ, ಡಿಡಿ, ಇ, ಎಫ್, ಎಫ್ಎಫ್, ಜಿ, ಜಿಜಿ, ಎಚ್ ಅಂತ ಕೆ ದಾಟಿಯೂ ಹೋಗುತ್ತದೆ, ನಡುವೆ ಐ ಇಲ್ಲ. ನನ್ನದು 34 ಮತ್ತು 44, ಹತ್ತು ಇಂಚು, ಹತ್ತನೇ ಅಕ್ಷರ. ಇನ್ನೊಂದು ತಮಾಷೆ ಅಂದರೆ, 34ಜಿಜಿ, 36ಜಿ, 38ಎಫ್ಎಫ್ ಮೂರರ ಕಪ್ಪಿನ ಅಳತೆಯೂ ಒಂದೇ. ಅಕ್ಷರಕ್ಕೆ ಒಂಟಿಯಾಗಿ ಅರ್ಥವೇ ಇಲ್ಲ. ಊರಲ್ಲಿ "ಡಿ ಕಪ್ಪಾ?" ಅಂತ ಕಣ್ಣರಳಿಸುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ನ್ಯೂಜೆರ್ಸಿಯ ನನ್ನ ನಾದಿನಿ ಬ್ರಾ ಕಳಿಸಿದಾಗ ಇನ್ನೊಂದು ಪಾಠ ಆಯಿತು. ಅಮೆರಿಕದಲ್ಲಿ ಡಿಡಿ ಆದಮೇಲೆ ಡಿಡಿಡಿ, ಅವರ ಜಿ ಇಲ್ಲಿ ಸಾಮಾನ್ಯವಾಗಿ ಎಫ್.

ಹಾಗಂತ ಇಲ್ಲಿಯವರು ಮೊದಲಿನಿಂದ ಜಾಣರು ಅಂತಲ್ಲ. ಸಾರಾ ಟ್ರೆಮೆಲೆನ್ ಎನ್ನುವವರು ಬಸುರಿಯಾಗಿದ್ದಾಗ ತಮಗೆ ಹೊಂದುವ ಚಂದದ ಬ್ರಾ ಸಿಗದೆ, 1995ರಲ್ಲಿ ದೊಡ್ಡ ಕಪ್ಪಿನ ಬ್ರಾಗಳ ಬ್ರಾವಿಸ್ಸಿಮೋ ಕಂಪನಿ ಶುರು ಮಾಡಿದರು. ಅದಕ್ಕೆ ಮುಂಚೆ ಇಲ್ಲೂ ದೊಡ್ಡ ಸೈಜು ಅಂದರೆ ಅಜ್ಜಿಯ ಬಣ್ಣ, ಅಜ್ಜಿಯ ಪಟ್ಟಿ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂಬ ಇಲ್ಲಿನ ದೊಡ್ಡ ಅಂಗಡಿಯವರು ಡಿಡಿಯಿಂದ ಮೇಲಿನ ಬ್ರಾಗಳಿಗೆ 2 ಪೌಂಡ್ ಜಾಸ್ತಿ ಹಾಕುತ್ತಿದ್ದರು. ಬೆಕಿ ವಿಲಿಯಮ್ಸ್ ಎಂಬಾಕೆ ಫೇಸ್‌ಬುಕ್ಕಿನಲ್ಲಿ ಸಾವಿರಾರು ಹೆಂಗಸರನ್ನು ಸೇರಿಸಿ, ಷೇರುದಾರರ ಸಭೆಯಲ್ಲೇ ಕೇಳುತ್ತೇನೆ ಅಂತ ಕಂಪನಿಯ ಷೇರು ಕೊಂಡರು. 2009ರ ಮೇ ತಿಂಗಳಲ್ಲಿ ಕಂಪನಿ ಆ ದಂಡ ತೆಗೆಯಿತು, ಜಾಹೀರಾತು ಕೊಟ್ಟು ತಪ್ಪೂ ಒಪ್ಪಿಕೊಂಡಿತು. ನಮ್ಮಲ್ಲಿ ಇಂಥದ್ದಕ್ಕೆ ಜಗಳ ಆಡುವುದಿರಲಿ, ಬ್ರಾ ಅನ್ನುವ ಪದವನ್ನು ಗಟ್ಟಿಯಾಗಿ ಹೇಳಲಿಕ್ಕೇ ನಾವು ತಡವರಿಸುತ್ತೇವೆ. ಒಣಗುವುದೂ ಟವೆಲ್ಲಿನ ಅಡಿಯಲ್ಲೇ ಅಲ್ವಾ, ಬಿಸಿಲು ಕಾಣದೆ.

ಇನ್ನೊಂದು ಕಡೆ ನಮ್ಮೂರೇ ಮೇಲು. ಇಲ್ಲಿ ಒಂದು ಒಳ್ಳೇ ಬ್ರಾಗೆ ಸುಮಾರು 40 ಪೌಂಡ್. ಪಟ್ಟಿ ಅರ್ಧ ಇಂಚು ಹೊರಗೆ ಕೂತರೆ ವಾಪಸ್ ಕೊಡಬೇಕು, ಸರಿಮಾಡಿ ಕೊಡುವವರು ಪಕ್ಕದ ಬೀದಿಯಲ್ಲಿ ಸಿಗುವುದಿಲ್ಲ. ನಮ್ಮ ಟೇಲರಮ್ಮನ ಕೈಗೆ ಕೊಟ್ಟಿದ್ದರೆ ಸಂಜೆಯೊಳಗೆ ಮುಗಿಯುತ್ತಿತ್ತು. ಎದೆಯ ಅಷ್ಟೂ ಅಳತೆ ಅವರ ನೋಟ್‌ಬುಕ್ಕಿನಲ್ಲಿ ವರ್ಷಗಟ್ಟಲೆ ಇತ್ತು. ಒಳಗೆ ಹಾಕುವುದಕ್ಕೂ ಅದೇ ಅಳತೆ ಸಾಕು ಅಂತ ಯಾರಿಗೂ ಹೊಳೆಯಲಿಲ್ಲ, ನನಗೂ.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬಾಗಿಲು ಹಾಕಿಕೊಂಡು ಅಮ್ಮನಿಗೆ ಟೇಪು ಹಿಡಿದೆ. "ಈ ವಯಸ್ಸಿಗೆ ಎಂಥದ್ದೇ" ಅಂತ ನಗುತ್ತಲೇ ಕೈ ಎತ್ತಿದಳು. ಇಷ್ಟು ವರ್ಷ ಹಾಕಿದ್ದು 44ಬಿ. ಬಂದದ್ದು 38ಇ. ನಾನು ಅಂದಾಜಿನ ಮೇಲೆ ಇಂಗ್ಲೆಂಡಿನಿಂದ ತಂದಿದ್ದ ಮೂರರಲ್ಲಿ ಒಂದು ಸರಿಯಾಗಿ ಕೂತಿತು. ಕನ್ನಡಿ ಮುಂದೆ ಅತ್ತ ಇತ್ತ ತಿರುಗಿದಳು, ಏನೂ ಹೇಳಲಿಲ್ಲ. ಸಂಜೆ ಮದುವೆ ರಿಸೆಪ್ಷನ್ನಿಗೆ ಹೊರಡುವಾಗ ಒಳಗಿನಿಂದ ಕೂಗು ಕೇಳಿತು. ಹೊಸ ಬ್ರಾ ಎದೆಯನ್ನು ಎತ್ತಿದ್ದರಿಂದ ಬ್ಲೌಸಿನ ಡಾಟು ಈಗ ಎರಡು ಇಂಚು ಕೆಳಗೆ ಬಿದ್ದಿದೆ, ಒಂದೂ ಸರಿ ಕೂರುತ್ತಿಲ್ಲ.

ಮರುದಿನ ಬೆಳಿಗ್ಗೆ ಹದಿನಾಲ್ಕು ಬ್ಲೌಸು ಚೀಲಕ್ಕೆ ತುಂಬಿಕೊಂಡು ಟೇಲರಮ್ಮನ ಮನೆಗೆ ಹೋದೆವು. ಅವರು ನೋಟ್‌ಬುಕ್ಕು ತೆಗೆದು, ಅಮ್ಮನ ಹಳೇ ಅಳತೆ ಹೊಡೆದು ಹಾಕಿ, ಟೇಪು ಹಿಡಿದು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದು ಎಲ್ಲಿ ಸಿಗ್ತದೆ? ನಂಗೂ ಒಂದು ತರಿಸಿಕೊಡು ಮಾರಾಯ್ತಿ" ಅಂದರು.